ಮೈಕಮ್ಮನ ನಾಲ್ಕು ಹಲ್ಲು

ಆ ಬಸ್ ನಿಲ್ದಾಣಕ್ಕೆ ದಿನಕ್ಕೆ ನಾನೂರು ಬಸ್ಸು ಬಂದು ಹೋಗುತ್ತಿದ್ದವು. ಹಾರ್ನು, ಚಾಲಕರ ಕೂಗಾಟ, ಮಕ್ಕಳ ಅಳು, ಪೆಟ್ಟಿಗೆಗಳನ್ನು ನೆಲದ ಮೇಲೆ ಎಳೆಯುವ ಸದ್ದು, ಇಷ್ಟೆಲ್ಲದರ ನೆತ್ತಿಯ ಮೇಲೆ ಒಂದು ಹೆಣ್ಣುದನಿ ತೇಲಿ ಬರುತ್ತಿತ್ತು. "ಬಂದರಿನ ಕಡೆಗೆ ಹೋಗುವ ಬಸ್ಸು ಪ್ಲಾಟ್‌ಫಾರ್ಮ್ ಹತ್ತರಲ್ಲಿ ಸಿದ್ಧವಾಗಿ ನಿಂತಿದೆ. ಪ್ರಯಾಣಿಕರು ದಯವಿಟ್ಟು ಸಾಲಿನಲ್ಲಿ ಹತ್ತಬೇಕು." ಸಾಲಿನಲ್ಲಿ ಯಾರೂ ಹತ್ತುತ್ತಿರಲಿಲ್ಲ, ಅದು ಬೇರೆ ಮಾತು. ಆದರೆ ಆ ದನಿ ಕೇಳಿದ ಮೇಲೆ ಬಸ್ಸು ಎಲ್ಲಿದೆ ಎಂದು ಯಾರೂ ಇನ್ನೊಬ್ಬರನ್ನು ಕೇಳುತ್ತಿರಲಿಲ್ಲ. ಒಂದೊಂದು ಅಕ್ಷರವೂ ತೊಳೆದು ಒರೆಸಿಟ್ಟ ಲೋಟದ ಹಾಗೆ ಬಿಡಿಬಿಡಿಯಾಗಿ ಬಂದು ಕಿವಿಗೆ ಬೀಳುತ್ತಿತ್ತು.

ಆ ದನಿಯ ಒಡತಿಗೆ ಆಗ ಐವತ್ತೊಂದು ವರ್ಷ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅಲ್ಲಿಯೇ ಉಳಿದಿತ್ತು. ಚಾಲಕರಿಗೆ, ನಿರ್ವಾಹಕರಿಗೆ, ಕಸ ಗುಡಿಸುವವರಿಗೆ, ಕೊನೆಗೆ ಮೇಲಧಿಕಾರಿಗಳಿಗೂ ಅವಳು ಮೈಕಮ್ಮ.

ಅವಳು ಮೈಕಿನ ಮುಂದೆ ಕೂತದ್ದೂ ಒಂದು ಕಥೆಯೇ. ಮೊದಲು ಅವಳು ಪ್ರಯಾಣಿಕರ ಸಾಮಾನು ಕಾಯುವ ಕೋಣೆಯಲ್ಲಿ ಕೆಲಸಕ್ಕಿದ್ದಳು. ಒಂದು ದಿನ ಹಳೆಯ ಘೋಷಕರಿಗೆ ಗಂಟಲು ಕಟ್ಟಿ ಮಾತೇ ಹೊರಡದಾಯಿತು. ಅದೇ ಹೊತ್ತಿಗೆ ಯಾರೋ ಕೊಡೆ ಮರೆತು ಹೊರಟಿದ್ದರು. ಇವಳು ಕೋಣೆಯ ಬಾಗಿಲಲ್ಲಿ ನಿಂತು, "ಕರಿ ಕೊಡೆ ಬಿಟ್ಟು ಹೋದವರೇ, ವಾಪಸ್ ಬನ್ನಿ!" ಎಂದು ಕೂಗಿದಳು. ಕೊಡೆಯವರು ಬಂದರು. ಅವರ ಹಿಂದೆಯೇ ನಿಲ್ದಾಣದ ಕಂಟ್ರೋಲರ್ ಕೂಡ ಬಂದರು. "ಮೈಕ್ ಇಲ್ದೇನೇ ಇಷ್ಟು ಕೇಳ್ಸುತ್ತಲ್ಲಮ್ಮ, ಮೈಕ್ ಕೊಟ್ರೆ ಪಕ್ಕದೂರಿಗೂ ಕೇಳ್ಸುತ್ತೆ. ಬಾ ಮೇಲಕ್ಕೆ," ಎಂದರು. ಅಂದು ಹನ್ನೊಂದು ಕಬ್ಬಿಣದ ಮೆಟ್ಟಿಲು ಹತ್ತಿ ಗಾಜಿನ ಗೂಡಿನಲ್ಲಿ ಕೂತವಳು ಇಪ್ಪತ್ತಾರು ವರ್ಷ ಅಲ್ಲೇ ಕೂತಳು.

ಆ ಕೆಲಸ ಅವಳಿಗೆ ಹಿಡಿಸಿದ್ದಕ್ಕೆ ಯಾರಿಗೂ ಹೇಳದ ಇನ್ನೊಂದು ಕಾರಣವಿತ್ತು. ಅವಳ ಮೇಲಿನ ಎರಡು ಮುಂಬಲ್ಲುಗಳ ನಡುವೆ ಒಂದು ಸಂದಿ. ಅಕ್ಕಿಕಾಳು ಅಡ್ಡಡ್ಡ ತೂರಿಸಬಹುದಾದಷ್ಟು. ಶಾಲೆಯಲ್ಲಿ ಅವಳನ್ನು "ಗೇಟು" ಎಂದು ಕರೆಯುತ್ತಿದ್ದರು. ಅಂದಿನಿಂದ ಬಾಯಿಗೆ ಕೈ ಅಡ್ಡ ಹಿಡಿದೇ ನಗುವುದು ರೂಢಿಯಾಗಿತ್ತು. ಮೈಕಿನ ಮುಂದೆ ಕೂತರೆ ಆ ಚಿಂತೆ ಇಲ್ಲ. ಊರಿಗೆಲ್ಲ ಮಾತು ಕೇಳುತ್ತದೆ, ಹಲ್ಲು ಯಾರಿಗೂ ಕಾಣುವುದಿಲ್ಲ.

ಮನೆಯಲ್ಲಿ ಮೂರೇ ಜನ. ಗಂಡ ನಿಲ್ದಾಣದ ಪಕ್ಕದ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮೈಕಮ್ಮ ದಿನಕ್ಕೆ ಸಾವಿರ ಮಾತಾಡಿದರೆ ಅವನು ಎಣಿಸಿ ಹತ್ತು ಆಡುವವನು. ಇನ್ನೊಬ್ಬರು ಅತ್ತೆ, ಎಂಬತ್ತನಾಲ್ಕು ದಾಟಿದವರು. ಬಾಯಲ್ಲಿ ಒಂದೇ ಒಂದು ಹಲ್ಲಿಲ್ಲ, ಆದರೆ ನಾಲಿಗೆ ಮಾತ್ರ ಹದವಾಗಿ ಮಸೆದಿಟ್ಟ ಚಾಕು.

ಅದೊಂದು ಶನಿವಾರದ ಮಧ್ಯಾಹ್ನ. ವಯಸ್ಸಾದ ಒಬ್ಬರು ಗುಂಪಿನಲ್ಲಿ ಹೆಂಡತಿಯನ್ನು ಕಳೆದುಕೊಂಡು ಗೂಡಿಗೆ ಹತ್ತಿ ಬಂದರು. ಮೈಕಮ್ಮ ಒಂದು ಸಲ ಕರೆದದ್ದೇ ತಡ, ಆ ಅಜ್ಜಿ ಮೆಟ್ಟಿಲ ಬುಡದಲ್ಲಿ ಬಂದು ನಿಂತರು. ಗಂಡ ಹೆಂಡತಿ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾ ಖುಷಿಯಿಂದ ಹೋಗಿ ಬಸ್ಸು ಹತ್ತಿದರು. ತಿರುಗಿ ನೋಡಿದರೆ ಅಜ್ಜನ ಔಷಧಿಯ ಚೀಲ ಗೂಡಿನ ಮೇಜಿನ ಮೇಲೆಯೇ ಕೂತಿದೆ. ಬಸ್ಸು ಹೊರಡುತ್ತಿತ್ತು. ಮೈಕಮ್ಮ ಚೀಲ ಹಿಡಿದು ದಡದಡನೆ ಇಳಿದಳು. ಕೊನೆಯಿಂದ ಮೂರನೆಯ ಮೆಟ್ಟಿಲಲ್ಲಿ ಕಾಲು ಜಾರಿತು. ಮುಖ ನೇರವಾಗಿ ಹೋಗಿ ಕಬ್ಬಿಣದ ಕಂಬಿಯ ತುದಿಗೆ ಬಡಿಯಿತು.

ನೋವು ಆಮೇಲೆ ಬಂತು. ಮೊದಲು ಬಂದದ್ದು ಬಾಯಿ ತುಂಬ ಬಿಸಿ ರಕ್ತ, ಮತ್ತು ನಾಲಿಗೆಗೆ ಏನೂ ಸಿಗದ ಒಂದು ಖಾಲಿ. ಐವತ್ತು ವರ್ಷ ಹಲ್ಲಿನ ಹಿಂಬದಿಗೆ ಒರಗಿ ಬಾಳಿದ ನಾಲಿಗೆ ಗೋಡೆ ಬಿದ್ದ ಮನೆಯಲ್ಲಿ ತಡಕಾಡಿದಂತೆ ತಡಕಾಡಿತು. ಯಾರೋ ಓಡಿ ಹೋಗಿ ಅಜ್ಜನಿಗೆ ಚೀಲ ಮುಟ್ಟಿಸಿದರು. ಇನ್ಯಾರೋ ಅವಳ ಗಂಡನನ್ನು ಕರೆತಂದರು. ಅವನು ಗ್ರೀಸು ಮೆತ್ತಿದ ಕೈಯಲ್ಲೇ ಅವಳನ್ನು ಎಬ್ಬಿಸಿ, ಎರಡು ಬೀದಿ ಆಚೆಗಿದ್ದ ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದ.

ಆಸ್ಪತ್ರೆ ಎಂದರೆ ಎರಡು ಕೋಣೆ. ಒಳಗೆ ಒಂದು ಕುರ್ಚಿ, ಒಂದು ದೀಪ, ಮೂವತ್ತು ದಾಟಿರದ ಒಬ್ಬಳು ಡಾಕ್ಟರಮ್ಮ. ರಕ್ತ ನಿಲ್ಲಿಸಿ, ತುಟಿಗೆ ಹೊಲಿಗೆ ಹಾಕಿ, ಅವಳು ಬಾಯಿಯೊಳಗೆ ಪುಟ್ಟ ಕನ್ನಡಿ ಇಟ್ಟು ನೋಡಿದಳು. ಮೇಲಿನ ನಾಲ್ಕು ಬಾಚಿಹಲ್ಲುಗಳಿಗೂ ಪೆಟ್ಟು ಬಿದ್ದಿತ್ತು. ಒಂದು ಬೇರು ಸಮೇತ ಹಾರಿ ಹೋಗಿತ್ತು. ಒಂದು ಒಸಡಿನ ಮಟ್ಟಕ್ಕೆ ಮುರಿದು ಬೇರೂ ಸೀಳಿತ್ತು. ಪಕ್ಕದ ಎರಡರಲ್ಲಿ ಒಂದು ತೂಗಾಡುತ್ತಿತ್ತು, ಇನ್ನೊಂದು ಅಡ್ಡಕ್ಕೆ ಒಡೆದಿತ್ತು.

"ಬಿದ್ದ ಹಲ್ಲು ಎಲ್ಲಮ್ಮ?" ಎಂದು ಡಾಕ್ಟರಮ್ಮ ಕೇಳಿದಳು.

ಯಾರಿಗೆ ಗೊತ್ತು? ಆದರೆ ಎರಡು ಗಂಟೆ ಕಳೆದ ಮೇಲೆ ನಿಲ್ದಾಣದ ಗೇಟಿನಲ್ಲಿ ಹಣ್ಣು ಮಾರುವ ಅಜ್ಜಿ ಏದುಸಿರು ಬಿಡುತ್ತಾ ಬಂದರು. ಮೆಟ್ಟಿಲ ಕೆಳಗೆ ಬಗ್ಗಿ ಹುಡುಕಿ, ಸಿಕ್ಕ ಹಲ್ಲನ್ನು ನಲ್ಲಿಯಲ್ಲಿ ತಿಕ್ಕಿ ತಿಕ್ಕಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಕಾಗದದಲ್ಲಿ ಸುತ್ತಿ ತಂದಿದ್ದರು. "ಒಂಚೂರೂ ಕೊಳೆ ಇಲ್ಲ ನೋಡಿ ಡಾಕ್ಟ್ರೇ, ಮುತ್ತಿನ ಹಾಗೆ ಮಾಡಿದ್ದೀನಿ. ಮತ್ತೆ ಕೂರ್ಸಿಬಿಡಿ."

ಡಾಕ್ಟರಮ್ಮ ಕಾಗದ ಬಿಚ್ಚಿ ನೋಡಿ ಮತ್ತೆ ಮಡಿಸಿದಳು. ಆಮೇಲೆ, "ನೀವು ತಂದಿದ್ದೇ ದೊಡ್ಡದು ಅಜ್ಜಿ," ಎಂದು ಅವರನ್ನು ಕಳಿಸಿಕೊಟ್ಟಳು. ಅಜ್ಜಿ ಆ ಕಡೆ ಹೋದ ಮೇಲೆಯೇ ವಿಷಯ ಹೇಳಿದಳು.

"ಬೇರಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ನಾರುಗಳು ಇರ್ತವೆ ಅಮ್ಮ. ಹಲ್ಲು ಮೊಳೆ ಹೊಡೆದ ಹಾಗೆ ಮೂಳೆಗೆ ಹೊಡ್ಕೊಂಡಿರಲ್ಲ. ಆ ನಾರುಗಳು ತೊಟ್ಟಿಲು ಕಟ್ಟಿದ ಹಾಗೆ ಅದನ್ನ ಹಿಡ್ಕೊಂಡಿರ್ತವೆ. ಅದಕ್ಕೇ ನಾವು ಗಟ್ಟಿ ಪದಾರ್ಥ ಕಡಿದಾಗ ಹಲ್ಲು ಒಂದು ಕೂದಲೆಳೆಯಷ್ಟು ಅಲುಗಿ ಪೆಟ್ಟು ತಡ್ಕೊಳ್ಳುತ್ತೆ. ಆ ನಾರು ಒಣಗದ ಹಾಗೆ, ಬೇರನ್ನ ಮುಟ್ಟದೆ, ತಲೆ ಭಾಗ ಹಿಡಿದು ಹಾಲಲ್ಲಿ ಹಾಕ್ಕೊಂಡು ಅರ್ಧ ಗಂಟೆ ಒಳಗೆ ಬಂದಿದ್ರೆ, ಮತ್ತೆ ಕೂರಿಸಿ ನೋಡಬಹುದಿತ್ತು. ತಿಕ್ಕಿದ್ರಲ್ಲ, ಈಗ ಅವು ಉಳಿದಿಲ್ಲ."

ಮೈಕಮ್ಮ ಊದಿದ ತುಟಿಯಿಂದಲೇ ಹೇಳಿದಳು, "ಅಜ್ಜಿಗೆ ಇದನ್ನ ಹೇಳ್ಬೇಡಿ." ಅದು ಡಾಕ್ಟರಮ್ಮನಿಗೆ ಅರ್ಥವಾಗಲು ಅವಳು ಮೂರು ಸಲ ಹೇಳಬೇಕಾಯಿತು.

ಮುಂದಿನ ವಾರ ಸೀಳಿದ ಬೇರನ್ನೂ, ಉಳಿಸಲಾಗದ ಇನ್ನೆರಡು ಹಲ್ಲನ್ನೂ ತೆಗೆದರು. ಮೈಕಮ್ಮ ಹೆದರಿ ಹಿಡಿಯಾಗಿದ್ದಳು. ಆದರೆ ಅವಳ ಸ್ವಭಾವವೇ ಹಾಗೆ, ಹೆದರಿಕೆಯಾದಾಗ ಪ್ರಶ್ನೆ ಕೇಳುತ್ತಾಳೆ. ತಟ್ಟೆಯಲ್ಲಿದ್ದ ಮುರಿದ ತುಂಡಿನತ್ತ ಬೆರಳು ತೋರಿಸಿದಳು. ಡಾಕ್ಟರಮ್ಮ ಅದನ್ನು ಚಿಮಟದಲ್ಲಿ ಎತ್ತಿ ದೀಪದ ಕೆಳಗೆ ಹಿಡಿದಳು. ಹೊರಗೆ ಹಾಲುಬಿಳಿಯ ಒಂದು ಪದರ. "ಇದು ಎನಾಮಲ್. ನಮ್ಮ ಇಡೀ ಮೈಯಲ್ಲಿ ಇದಕ್ಕಿಂತ ಗಟ್ಟಿ ವಸ್ತು ಇಲ್ಲ, ಮೂಳೆಯೂ ಇದರ ಮುಂದೆ ಮೆತ್ತಗೆ. ಆದ್ರೆ ಒಂದ್ಸಲ ಹೋದ್ರೆ ಮತ್ತೆ ಬೆಳೆಯಲ್ಲ." ಅದರ ಒಳಗೆ ತುಸು ಹಳದಿಯ ದಪ್ಪ ಪದರ. "ಇದು ಡೆಂಟಿನ್. ಇದರ ತುಂಬ ಕೂದಲಿಗಿಂತ ಸಣ್ಣ ಕೊಳವೆಗಳು. ತಣ್ಣಗಿನ ನೀರು ಕುಡಿದಾಗ ಜುಮ್ ಅನ್ನುತ್ತಲ್ಲ, ಆ ಸುದ್ದಿ ಒಳಗೆ ಹೋಗೋದು ಇದರಿಂದಲೇ." ನಟ್ಟನಡುವೆ ಸಾಸಿವೆಯಷ್ಟು ಒಂದು ಕೆಂಪು ಚುಕ್ಕೆ.

"ಇದು?"

"ತಿರುಳು. ರಕ್ತನಾಳ, ನರ ಎಲ್ಲಾ ಇಲ್ಲೇ. ಬೇರಿನ ತುದಿಯಲ್ಲಿರೋ ಸೂಜಿಮೊನೆಯಂಥ ತೂತಿಂದ ಒಳಗೆ ಬರ್ತವೆ. ಹಲ್ಲಿನ ಜೀವ ಇರೋದು ಇಲ್ಲಿ."

ಮೈಕಮ್ಮ ಆ ಕೆಂಪು ಚುಕ್ಕೆಯನ್ನೇ ನೋಡಿದಳು. ದಿನಾ ಬೆಳಿಗ್ಗೆ ಮಂಪರಿನಲ್ಲಿ ನಾಲ್ಕು ಸಲ ಬ್ರಷ್ ಆಡಿಸಿ ಉಗಿದು ಮರೆತುಬಿಡುತ್ತಿದ್ದ ವಸ್ತುವಿಗೆ ರಕ್ತ, ನರ, ಜೀವ ಎಲ್ಲ ಇತ್ತು. ಅದು ಇದ್ದಷ್ಟು ದಿನ ಅದಕ್ಕೆ ಒಂದು ಒಳ್ಳೆಯ ಮಾತೂ ಆಡಿರಲಿಲ್ಲವಲ್ಲ, ಬದಲಿಗೆ ಸಂದಿ ಇದೆ ಎಂದು ಕೈ ಅಡ್ಡ ಹಿಡಿದಿದ್ದೆನಲ್ಲ ಎಂದು ಅವಳಿಗೆ ಕಸಿವಿಸಿಯಾಯಿತು.

ಮನೆಯಲ್ಲಿ ಅತ್ತೆಯ ಸಂಭ್ರಮಕ್ಕೆ ಮಾತ್ರ ಎಲ್ಲೆಯಿರಲಿಲ್ಲ. "ಬಾರಮ್ಮ, ನಮ್ಮ ಪಕ್ಷಕ್ಕೆ ಬಂದೆಯಲ್ಲ! ಇಷ್ಟು ವರ್ಷ ನಾನೊಬ್ಳೇ ಮೆತ್ತಗಿನ ಅನ್ನ ತಿಂತಿದ್ದೆ. ಇನ್ಮೇಲೆ ನಂಗೂ ಜೊತೆ ಆಯ್ತು." ತಮಾಷೆ ಮಾಡುತ್ತಲೇ ಅವರು ಸೊಸೆಗೆ ತಮ್ಮ ವಿದ್ಯೆಯನ್ನೆಲ್ಲ ಧಾರೆ ಎರೆದರು. ಬ್ರೆಡ್ಡನ್ನು ಹೇಗೆ ನೆನೆಸಬೇಕು, ಸೇಬನ್ನು ಚಮಚದಲ್ಲಿ ಹೇಗೆ ಕೆರೆದು ತಿನ್ನಬೇಕು, ಬಿಸಿ ಚಹಾ ತುಟಿ ಸುಡದ ಹಾಗೆ ಯಾವ ಮೂಲೆಯಿಂದ ಹೀರಬೇಕು. ಸೊಸೆ ಊಟ ಮಾಡದೆ ಎದ್ದ ದಿನ ತಾವೇ ತಟ್ಟೆ ಹಿಡಿದು ಕೂತು, ಎರಡು ತುತ್ತಾದರೂ ಉಣಿಸಿಯೇ ಬಿಡುತ್ತಿದ್ದರು. ಗಂಡ ಮಾತ್ರ ಎಂದಿನಂತೆ ಮೌನಿ. ಆದರೆ ನಿಲ್ದಾಣದ ಕಬ್ಬಿಣದ ಮೆಟ್ಟಿಲುಗಳಿಗೆ ಒಂದೇ ದಿನದಲ್ಲಿ ಜಾರದ ಒರಟು ತಗಡು ಬಂದು ಕೂತಿತ್ತು. ಯಾರು ಹಾಕಿದರು ಎಂದು ಕೇಳಿದರೆ ಅವನು ಬೇರೆ ಕಡೆ ನೋಡುತ್ತಿದ್ದ.

ಗಾಯ ಸ್ವಲ್ಪ ಮಾಗಿದ ಮೇಲೆ ಡಾಕ್ಟರಮ್ಮ ತಾತ್ಕಾಲಿಕವಾಗಿ ಒಂದು ಸೆಟ್ಟು ಹಾಕಿಕೊಟ್ಟಳು. ಒಸಡಿನ ಬಣ್ಣದ ಒಂದು ಪ್ಲೇಟು, ಅದಕ್ಕೆ ನಾಲ್ಕು ಹಲ್ಲು. ನೋಡಲು ಲಕ್ಷಣವಾಗಿತ್ತು. ಹಳೆಯ ಸಂದಿಯೂ ಇಲ್ಲ, ಪಕ್ಕಪಕ್ಕ ಒತ್ತಿ ಕೂತ ಸಾಲು. ಕನ್ನಡಿಯಲ್ಲಿ ನೋಡಿಕೊಂಡು ಮೈಕಮ್ಮ ಕೈ ಅಡ್ಡವಿಲ್ಲದೆ ನಕ್ಕಳು. ಖುಷಿಯಿಂದಲೇ ಕೆಲಸಕ್ಕೆ ಹೋದಳು. ಮೈಕು ಹಾಕಿ, "ಪ್ರಯಾಣಿಕರು ದಯವಿಟ್ಟು ಸಾಲಿನಲ್ಲಿ" ಎಂದಳು.

ಆ "ಸಾ" ಬಾಯಿಂದ ಹೊರಟದ್ದು ಅಕ್ಷರವಾಗಿ ಅಲ್ಲ, ಸೀಟಿಯಾಗಿ. ಸುಯ್ಯೆಂದು ಇಡೀ ನಿಲ್ದಾಣಕ್ಕೆ ಕೇಳುವಂಥ ಸೀಟಿ. ಪ್ಲಾಟ್‌ಫಾರ್ಮ್ ಆರರಲ್ಲಿದ್ದ ಚಾಲಕ ತನ್ನ ನಿರ್ವಾಹಕನೇ ಸೀಟಿ ಊದಿದನೆಂದು ತಿಳಿದು ಬಸ್ಸು ಹೊರಡಿಸಿಯೇ ಬಿಟ್ಟ. ನಿರ್ವಾಹಕ ಕೆಳಗೆ ಚಹಾ ಕುಡಿಯುತ್ತಾ ನಿಂತಿದ್ದವನು ಲೋಟ ಹಿಡಿದುಕೊಂಡೇ ಓಡಿದ. ನಿಲ್ದಾಣವೆಲ್ಲ ಬಿದ್ದು ಬಿದ್ದು ನಕ್ಕಿತು. ಮೈಕಮ್ಮನೂ ನಕ್ಕಳು. ಆದರೆ ಮೈಕು ಆರಿಸಿದ ಮೇಲೆ ಗಾಜಿನ ಗೂಡಿನಲ್ಲಿ ಕೂತು ಅತ್ತಳು.

ಕಂಟ್ರೋಲರ್ ಕೆಟ್ಟವರೇನಲ್ಲ. "ಎರಡು ತಿಂಗಳು ರಜೆ ತಗೊಳ್ಳಿ ಮೈಕಮ್ಮ. ಅಲ್ಲಿವರೆಗೆ ಕ್ಯಾಸೆಟ್ಟಿನ ಥರ ಏನೋ ಒಂದು ರೆಕಾರ್ಡ್ ದನಿ ಕಳಿಸ್ತಾರಂತೆ, ಅದನ್ನೇ ಹಾಕ್ತೀವಿ," ಎಂದರು. ಅವಳಿಗೆ ಬಾಯಿ ಬಿಟ್ಟು ಹೇಳಲಾಗದ ಒಂದು ಭಯ ಹತ್ತಿತು. ರೆಕಾರ್ಡಿಗೆ ಹಲ್ಲು ಬೇಡ, ರಜೆ ಬೇಡ. ಅದು ಒಮ್ಮೆ ಬಂದು ಕೂತರೆ ಏಳುತ್ತದೆಯೇ?

ಎರಡು ತಿಂಗಳಲ್ಲಿ ಒಸಡು ಇಳಿದು ಗಟ್ಟಿಯಾಯಿತು. ಕಾಯಂ ಸೆಟ್ಟು ಮಾಡುವ ಹೊತ್ತು ಬಂತು. ಅಷ್ಟರಲ್ಲಿ ತಾತ್ಕಾಲಿಕ ಪ್ಲೇಟನ್ನು ಡಾಕ್ಟರಮ್ಮ ಎರಡು ಸಲ ಕೆರೆದು ತಿದ್ದಿದ್ದಳು, ಸೀಟಿ ಸಣ್ಣದಾಯಿತೇ ಹೊರತು ಹೋಗಿರಲಿಲ್ಲ. ಒಂದು ದಿನ ಅವಳೇ ಸೋತು, "ಇದಕ್ಕೆ ಮೇಣದ ಮಾಮನೇ ಬರ್ಬೇಕು," ಎಂದಳು.

ಮೇಣದ ಮಾಮ ಎಂದರೆ ಊರಿನ ಅರ್ಧ ಹಲ್ಲಿನ ಡಾಕ್ಟರುಗಳಿಗೆ ಸೆಟ್ಟು ಮಾಡಿಕೊಡುವ ಕುಶಲಕರ್ಮಿ. ಅರವತ್ತು ದಾಟಿದ ಮನುಷ್ಯ. ಮೇಣದಲ್ಲಿ ಹಲ್ಲು ಕೂರಿಸಿ ಕೂರಿಸಿ ಉಗುರಿನ ಸಂದಿಯಲ್ಲಿ ಸದಾ ಗುಲಾಬಿ ಬಣ್ಣದ ಮೇಣ ಇರುತ್ತಿದ್ದರಿಂದ ಆ ಹೆಸರು. ಡಾಕ್ಟರುಗಳಿಂದ ಬಾಯಿಯ ಅಚ್ಚು ಬರುತ್ತದೆ, ಹಲ್ಲು ಹೋಗುತ್ತದೆ. ಬಾಯಿಯ ಒಡೆಯರನ್ನು ಅವರು ಕಾಣುವುದೇ ಇಲ್ಲ. ಆದರೆ ಡಾಕ್ಟರಮ್ಮ ಫೋನಿನಲ್ಲಿ, "ಬಸ್ ಸ್ಟ್ಯಾಂಡಿನ ಅನೌನ್ಸರ್ ಅಮ್ಮ," ಎಂದಾಗ ಅವರು ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡರಂತೆ. ಆಮೇಲೆ, "ನಾಳೆ ನಾನೇ ಬರ್ತೀನಿ. ಅವರ ಹಳೇ ಫೋಟೋ ಒಂದು ತರೋಕೆ ಹೇಳಿ, ನಗ್ತಾ ಇರೋದು," ಎಂದಿದ್ದರು.

ನಗುವ ಫೋಟೋ ಎಲ್ಲಿಂದ ತರುವುದು? ಮದುವೆಯ ಫೋಟೋದಲ್ಲೂ ತುಟಿ ಬಿಗಿದುಕೊಂಡೇ ನಿಂತವಳು ಅವಳು. ಮನೆಯ ಪೆಟ್ಟಿಗೆಗಳನ್ನೆಲ್ಲ ತಲೆಕೆಳಗು ಮಾಡಿ ಸುಸ್ತಾಗಿ ಕೂತಾಗ, ಗಂಡ ತನ್ನ ಪರ್ಸಿನಿಂದ ಅಂಚು ಸವೆದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟ. ಡಿಪೋದ ಆಟೋಟದ ದಿನ ಯಾರೋ ತೆಗೆದದ್ದು. ಹಗ್ಗ ಜಗ್ಗಾಟದಲ್ಲಿ ಎದುರು ತಂಡವೆಲ್ಲ ಮಣ್ಣಿಗೆ ಬಿದ್ದಿದೆ, ಮೈಕಮ್ಮ ಎರಡು ಕೈಯಲ್ಲೂ ಹಗ್ಗ ಹಿಡಿದು ಬಾಯಿ ತುಂಬ ನಗುತ್ತಿದ್ದಾಳೆ. ಕೈ ಖಾಲಿ ಇರಲಿಲ್ಲವಲ್ಲ, ಅಡ್ಡ ಹಿಡಿಯಲಾಗಿರಲಿಲ್ಲ. ಸಂದಿ ಢಾಳಾಗಿ ಕಾಣುತ್ತಿತ್ತು.

"ಇದನ್ನ ಯಾಕೆ ಇಟ್ಕೊಂಡಿದ್ದೀರಿ?" ಎಂದು ಕೇಳಿದಳು.

"ಚೆನ್ನಾಗಿದೆ," ಎಂದ ಅವನು. ಆ ದಿನದ ಹತ್ತು ಮಾತಿನಲ್ಲಿ ಅದೂ ಒಂದು.

ಮರುದಿನ ಮೇಣದ ಮಾಮ ಬಂದರು. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ತಲೆದೂಗಿ, ತಾತ್ಕಾಲಿಕ ಸೆಟ್ಟನ್ನು ಕೈಯಲ್ಲಿ ತೂಗಿದರು.

"ಅಮ್ಮಾ, ಹದಿನೆಂಟು ವರ್ಷದಿಂದ ನಿಮ್ಮ ದನಿ ಕೇಳ್ಕೊಂಡು ಬಸ್ ಹತ್ತಿದ್ದೀನಿ. ನಿಮ್ಮ 'ಸ' ನಂಗೆ ಗೊತ್ತು. ಅದರ ತುದಿಯಲ್ಲಿ ಒಂದು ಚೂರು ಗಾಳಿ ಇರ್ತಿತ್ತು. ಎಲ್ಲಿಂದ ಅಂತ ಈಗ ಗೊತ್ತಾಯ್ತು. ಈ ಸಂದಿ ಯಾಕೆ ಮುಚ್ಚಿದ್ರಿ?"

"ನೋಡೋಕೆ ಚೆನ್ನಾಗಿರ್ಲಿ ಅಂತ," ಎಂದಳು ಡಾಕ್ಟರಮ್ಮ, ಪಾಠ ತಪ್ಪಿದವಳಂತೆ.

"ನೋಡೋಕೆ ಚೆನ್ನಾಗೇ ಇದೆ. ಆದ್ರೆ ಇವರ ನಾಲಿಗೆ ಐವತ್ತು ವರ್ಷ ಆ ಸಂದಿ ಇಟ್ಕೊಂಡೇ ಮಾತು ಕಲಿತಿದೆ. ನಾವು ದಾರಿ ಮುಚ್ಚಿದ್ರೆ ಗಾಳಿ ಪಾಪ ಎಲ್ಲಿಗೆ ಹೋಗಬೇಕು? ಪ್ಲೇಟೂ ಇಲ್ಲಿ ದಪ್ಪ ಆಗಿದೆ."

ಒಂದು ವಾರ ಬಿಟ್ಟು ಅವರು ಹೊಸ ಪ್ಲೇಟು ತಂದರು. ಅದರಲ್ಲಿ ಹಲ್ಲುಗಳು ಇನ್ನೂ ಮೇಣದ ಮೇಲೆ ಕೂತಿದ್ದವು, ಬಿಸಿ ಮಾಡಿದ ಸಣ್ಣ ಚಾಕು ತಾಗಿಸಿದರೆ ಅತ್ತಿತ್ತ ಸರಿಸಬಹುದು. ಅದನ್ನು ಮೈಕಮ್ಮನ ಬಾಯಿಗೆ ಇಟ್ಟು ಮೇಣದ ಮಾಮ ಕೋಣೆಯ ಮೂಲೆಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ನಿಂತರು. "ನಾನು ನೋಡಲ್ಲ, ಕೇಳ್ತೀನಿ. ಬೆಳಗಿನ ಪಟ್ಟಿ ಪೂರ್ತಿ ಹೇಳಿ."

ಮೈಕಮ್ಮ ಹೇಳಿದಳು. "ಪ್ಲಾಟ್‌ಫಾರ್ಮ್" ಎನ್ನುವಾಗ ನಿಲ್ಲಿಸಿದರು. ಆ "ಫಾ" ಹುಟ್ಟುವುದು ಮೇಲಿನ ಬಾಚಿಹಲ್ಲಿನ ಅಂಚು ಕೆಳತುಟಿಯನ್ನು ಮುಟ್ಟಿದಾಗ. ಹಲ್ಲು ಉದ್ದವಾದರೆ "ವಾ" ಆಗುತ್ತದೆ, ಗಿಡ್ಡವಾದರೆ "ಪಾ" ಆಗುತ್ತದೆ. ಅವಳದು "ಪಾ" ಆಗಿತ್ತು. ಅವರು ಪ್ಲೇಟನ್ನು ಹೊರಗೆ ತೆಗೆದು ಎರಡು ಹಲ್ಲನ್ನು ಕೂದಲೆಳೆಯಷ್ಟು ಕೆಳಗಿಳಿಸಿದರು. ಮತ್ತೆ ಗೋಡೆ. "ಹತ್ತು, ಹದಿನೈದು, ಇಪ್ಪತ್ತು, ದಯವಿಟ್ಟು." ತ, ಥ, ದ, ಧ, ನ. ಶಾಲೆಯಲ್ಲಿ ಟೀಚರು "ಇವಕ್ಕೆ ದಂತ್ಯ ಅಂತಾರೆ ಮಕ್ಕಳೇ" ಎಂದಾಗ ಮೈಕಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ಈಗ ಒಂದೊಂದು ಅಕ್ಷರಕ್ಕೂ ನಾಲಿಗೆ ಹೋಗಿ ಹಲ್ಲಿನ ಬೆನ್ನು ತಟ್ಟುವುದು ಅವಳಿಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು. ಮೇಣದ ಮಾಮ ಹಲ್ಲಿನ ಹಿಂಬದಿಯ ಮೇಣವನ್ನು ಕೆರೆದರು, ಅಂಗುಳಿನ ಮುಂಭಾಗದಲ್ಲಿರುವ ಅಲೆಯಂಥ ಗೆರೆಗಳನ್ನೂ ಮೇಣದಲ್ಲಿ ಬಿಡಿಸಿದರು. "ನಾಲಿಗೆಗೆ ಇವೇ ಗುರುತಿನ ಕಲ್ಲು," ಎಂದರು. ಕೊನೆಗೆ ನಡುವಿನ ಎರಡು ಹಲ್ಲುಗಳನ್ನು ಬಿಸಿ ಚಾಕುವಿನಿಂದ ಮೆಲ್ಲನೆ ದೂರ ಸರಿಸಿದರು. ಫೋಟೋ ನೋಡಿದರು. ಇನ್ನೊಂದು ಎಳೆ ಸರಿಸಿ, ಪ್ಲೇಟನ್ನು ಬಾಯಿಗಿಟ್ಟು ಮತ್ತೆ ಮೂಲೆಗೆ ಹೋದರು.

"ಈಗ ಹೇಳಿ."

"ಪ್ರಯಾಣಿಕರು ದಯವಿಟ್ಟು ಸಾಲಿನಲ್ಲಿ ಹತ್ತಬೇಕು."

ಮೂಲೆಯಲ್ಲಿ ಮೇಣದ ಮಾಮ ಗೋಡೆಗೆ ಮುಖ ಮಾಡಿಕೊಂಡೇ ಇದ್ದರು. "ಇನ್ನೊಂದ್ಸಲ," ಎಂದರು. ಅವಳು ಹೇಳಿದಳು. ಅವರು ತಿರುಗಿದಾಗ ಮುಖ ಅರಳಿತ್ತು. "ಬಸ್ಸು ಇಪ್ಪತ್ತು ನಿಮಿಷ ತಡ ಆದ್ರೂ ಬೇಜಾರಾಗ್ತಿರ್ಲಿಲ್ಲ ಅಮ್ಮ, ಈ ದನಿಯಲ್ಲಿ ಹೇಳಿದ್ರೆ."

ನಿಲ್ದಾಣದಲ್ಲಿ ಅಷ್ಟರಲ್ಲಿ ರೆಕಾರ್ಡ್ ದನಿಯ ಮರ್ಯಾದೆ ಮಣ್ಣುಪಾಲಾಗಿತ್ತು. ಅದಕ್ಕೆ ವೇಳಾಪಟ್ಟಿ ಗೊತ್ತಿತ್ತು, ಬಸ್ಸು ದಾರಿಯಲ್ಲಿ ಕೆಟ್ಟು ನಿಂತದ್ದು ಗೊತ್ತಿರಲಿಲ್ಲ. ಬಾರದ ಬಸ್ಸನ್ನು "ಸಿದ್ಧವಾಗಿ ನಿಂತಿದೆ" ಎಂದು ಅದು ಇಂಪಾಗಿ ಹೇಳುತ್ತಿತ್ತು, ಜನ ಖಾಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ಕಂಟ್ರೋಲರಿಗೆ ಮಂಗಳಾರತಿ ಎತ್ತುತ್ತಿದ್ದರು. ಮೇಣದ ಸೆಟ್ಟು ಗಟ್ಟಿ ಸೆಟ್ಟಾಗಿ ಬಾಯಿಗೆ ಬಂದ ಮೇಲೆ ಮೈಕಮ್ಮ ಗೂಡಿನ ಬಾಗಿಲಲ್ಲಿ ಕಂಡ ಕೂಡಲೇ ಕಂಟ್ರೋಲರ್ ಕೈ ಮುಗಿದರು. "ಬಂದ್ಯಾ ತಾಯಿ! ಕೂತ್ಕೋ, ಮೊದಲು ಕೂತ್ಕೋ."

ಅವಳ ಮೊದಲ ಘೋಷಣೆ ಬಂದರಿನ ಬಸ್ಸಿನದ್ದಲ್ಲ. ಪ್ಲಾಟ್‌ಫಾರ್ಮ್ ಎರಡರಲ್ಲಿ ಯಾರೋ ಮಗುವಿನ ಒಂದು ಕಾಲಿನ ಚಪ್ಪಲಿ ಬಿಟ್ಟು ಹೋಗಿದ್ದರು, ಅದನ್ನು ಹೇಳಿದಳು. ಕೆಳಗೆ ಹಣ್ಣಿನಜ್ಜಿ ತಕ್ಕಡಿ ಕೆಳಗಿಟ್ಟು ತಲೆ ಎತ್ತಿ ನೋಡಿದರು. ಗಾಜಿನ ಆಚೆ ಮೈಕಮ್ಮ ನಗುತ್ತಿದ್ದಳು, ಎರಡು ಕೈಯೂ ಮೇಜಿನ ಮೇಲಿದ್ದವು.

ಆ ತಿಂಗಳಲ್ಲೇ ಒಂದು ರಜೆಯ ದಿನ ಅವಳು ಮೇಣದ ಮಾಮನ ಕೆಲಸದ ಕೋಣೆ ಹುಡುಕಿಕೊಂಡು ಹೋದಳು. ಹಳೆಯ ಕಟ್ಟಡದ ನೆಲಮಾಳಿಗೆ. ಗೋಡೆಯುದ್ದಕ್ಕೂ ಹಲಗೆಗಳು, ಅವುಗಳ ಮೇಲೆ ಸುಣ್ಣದ ಹಾಗೆ ಬೆಳ್ಳಗಿನ ನೂರಾರು ದವಡೆಯ ಅಚ್ಚುಗಳು ಬಾಯಿ ತೆರೆದು ಕೂತಿದ್ದವು. ಯಾವುದರ ಮೇಲೂ ಹೆಸರಿಲ್ಲ, ಬರೀ ಸಂಖ್ಯೆ.

"ಅಣ್ಣಾ, ನಾನು ಥ್ಯಾಂಕ್ಸ್ ಹೇಳೋಕೆ ಬಂದೆ," ಎಂದಳು ಬಾಗಿಲಲ್ಲೇ ನಿಂತು.

ಅವರು ಗಡಿಬಿಡಿಯಿಂದ ಎದ್ದು, ಕುರ್ಚಿಯ ಮೇಲಿದ್ದ ಪುಡಿಯನ್ನು ಒರೆಸಿದರು. "ಮೂವತ್ತೈದು ವರ್ಷದಲ್ಲಿ ಇಲ್ಲಿಗೆ ಹುಡುಕ್ಕೊಂಡು ಬಂದವರು ನೀವು ಎರಡನೆಯವರು."

"ಮೊದಲು ಬಂದವರು?"

"ಬೈಯೋಕೆ ಬಂದಿದ್ರು."

ಇಬ್ಬರೂ ಮನಸಾರೆ ನಕ್ಕರು. ಅವರು ಚಹಾ ಮಾಡಿದರು. ಚಹಾ ಆರುವವರೆಗೆ ಹಲಗೆಯಿಂದ ಒಂದು ಪೆಟ್ಟಿಗೆ ಇಳಿಸಿ, ತಾವು ಕಲಿಯುವಾಗ ಮೇಣದಲ್ಲಿ ಕೆತ್ತಿದ ಹಲ್ಲುಗಳನ್ನು ತೋರಿಸಿದರು. ಕತ್ತರಿಸಲು ಉಳಿಯಂತೆ ಚಪ್ಪಟೆಯಾದ ಬಾಚಿಹಲ್ಲು ಎರಡು. ಹರಿಯಲು ಮೊನೆಯಾದ ಕೋರೆಹಲ್ಲು ಒಂದು, ಎಲ್ಲಕ್ಕಿಂತ ಉದ್ದದ ಬೇರು ಅದರದೇ. ಹಿಂದೆ ಜಜ್ಜುವುದಕ್ಕೆ ಎರಡು, ಅವುಗಳ ಹಿಂದೆ ಬೀಸುಕಲ್ಲಿನಂಥ ಅಗಲವಾದ ದವಡೆಹಲ್ಲು ಮೂರು. ಬಾಯಿಯ ಕಾಲುಭಾಗಕ್ಕೆ ಎಂಟು, ಒಟ್ಟು ಮೂವತ್ತೆರಡು. ಮೈಕಮ್ಮ ಒಂದೊಂದನ್ನೂ ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು. ತನ್ನ ಬಾಯಲ್ಲಿ ಉಳಿದ ಇಪ್ಪತ್ತೆಂಟನ್ನು ನಾಲಿಗೆಯಿಂದ ಒಮ್ಮೆ ಸವರಿ ನೋಡಿಕೊಂಡಳು.

"ಯಾರು ಕಲಿಸಿದ್ದು ಅಣ್ಣಾ ಇದನ್ನೆಲ್ಲ?"

"ಒಬ್ಬರು ಮೇಡಂ. ಒಂದು ವರ್ಷ ಮೇಣ ಮುಟ್ಟೋಕೆ ಬಿಡ್ಲಿಲ್ಲ, ಬರೀ ಪೆನ್ಸಿಲ್ಲಲ್ಲಿ ಹಲ್ಲು ಬರೆಸಿದ್ರು. ಎಲ್ಲಾ ಕಡೆಯಿಂದ, ನೂರಾರು ಸಲ. ಆವಾಗ ಮನಸ್ಸಲ್ಲೇ ಎಷ್ಟು ಬೈದಿದ್ದೀನೋ! ಈಗ ಕಣ್ಣು ಮುಚ್ಚಿದ್ರೂ ಕೈಗೆ ಗೊತ್ತಾಗುತ್ತೆ."

"ಇದ್ದಾರಾ ಅವರು?"

"ಇದ್ದಾರೆ. ತೊಂಬತ್ತು ಆಗಿರಬೇಕು. ಬೆಟ್ಟದ ದಾರಿಯ ಕೊನೇ ಸ್ಟಾಪಿನ ಹತ್ರ, ಮಗಳ ಮನೇಲಿ."

"ಹೋಗಿ ನೋಡಿದ್ದೀರಾ?"

ಮೇಣದ ಮಾಮ ಲೋಟದ ತಳ ನೋಡಿದರು. ಕೆಲಸ, ಕಾಲು ನೋವು, ಇವತ್ತು ನಾಳೆ ಎಂದು ಇಪ್ಪತ್ತು ವರ್ಷವಾಗಿತ್ತು.

"ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಬಸ್ಸಿದೆ. ಪ್ಲಾಟ್‌ಫಾರ್ಮ್ ನಾಲ್ಕು," ಎಂದಳು ಮೈಕಮ್ಮ. "ಬಲಗಡೆ ಕಿಟಕಿ ಹತ್ರ ಕೂತ್ಕೊಳ್ಳಿ, ಬಿಸಿಲು ಬರಲ್ಲ. ಕಾಲು ಚಾಚೋಕೆ ಜಾಗ ಬೇಕಂದ್ರೆ ಚಾಲಕರಿಗೆ ನಾನು ಹೇಳಿರ್ತೀನಿ."

ಭಾನುವಾರ ಅವರು ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಪುಟ್ಟ ಡಬ್ಬಿ. ಹೊಸದಾಗಿ ಮೇಣದಲ್ಲಿ ಕೆತ್ತಿದ ಒಂದು ಕೋರೆಹಲ್ಲು ಅದರಲ್ಲಿತ್ತು. ಸಂಜೆಯ ಬಸ್ಸಿನಲ್ಲಿ ಇಳಿದವರು ನೇರವಾಗಿ ಮೆಟ್ಟಿಲ ಬುಡಕ್ಕೆ ಬಂದು ನಿಂತರು. ಮೈಕಮ್ಮ ಮೈಕು ಆರಿಸಿ, ಕಂಬಿ ಹಿಡಿದು ಮೆಲ್ಲಗೆ ಇಳಿದು ಬಂದಳು.

"ಏನಾಯ್ತಣ್ಣಾ? ಗುರುತು ಸಿಕ್ತಾ?"

"ಕಣ್ಣು ಸರಿಯಾಗಿ ಕಾಣಲ್ಲ ಅವರಿಗೆ. ಆ ಹಲ್ಲನ್ನ ಕೈಗೆ ಕೊಟ್ಟೆ. ಹೆಬ್ಬೆಟ್ಟಿಂದ ಮೇಲಿಂದ ಕೆಳಗೆ ಸವರಿದ್ರು. ಸವರಿ, ನನ್ನ ಹೆಸರು ಹೇಳಿದ್ರು."

ಮೇಣದ ಮಾಮ ಕೆಳಗಿನ ಮೆಟ್ಟಿಲ ಮೇಲೆ ಕೂತರು. ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು.

"ಆಮೇಲೆ?"

"ಆಮೇಲೆ ಏನು, 'ಬೇರಿನ ತುದಿ ಇನ್ನೂ ಸ್ವಲ್ಪ ಹಿಂದಕ್ಕೆ ಬಾಗ್ಬೇಕು ಕಣೋ, ಎಷ್ಟು ಸಲ ಹೇಳಿದ್ದೀನಿ ನಿಂಗೆ' ಅಂದ್ರು. ಮುಂದಿನ ತಿಂಗಳು ತಿದ್ಕೊಂಡು ಬಾ ಅಂದಿದ್ದಾರೆ."